ಅತ್ತೆಯ ರೂಮು, ಅಕ್ಕನ ಬೆಳಕು

ಜನವರಿ 9

ಇವತ್ತೂ ಟೀ ಆರಿಹೋಯಿತು. ಇಂಜಿನಿಯರ್ ಫೋನ್. ಹಿತ್ತಲ ಕಡೆ ಅತ್ತೆಗೊಂದು ರೂಮು — ಬಿಡಬೇಕಾದ ಜಾಗ ಬಿಟ್ಟಿದ್ದೇವೆ, ಎತ್ತರವೂ ನಿಯಮದೊಳಗೇ. ಪಕ್ಕದವರ ತಕರಾರು ಇಲ್ಲದಿದ್ದರೆ ಪ್ಲಾನ್ ಪಾಸ್ ಅಂತೆ. ಪಕ್ಕದವರೆಂದರೆ ರಫೂ ಅಕ್ಕ. ಹರಿದ ಬಟ್ಟೆಗೆ ಅದೇ ಬಣ್ಣದ ನೂಲು ಹುಡುಕಿ ನೇಯ್ದು ಕೊಡುವವಳು. ಇವರ ಕೋಟಿನ ತೂತು ಎಲ್ಲಿತ್ತು ಅಂತ ಈಗ ಇವರಿಗೇ ಗೊತ್ತಿಲ್ಲ. ಅವಳೇನೂ ತಕರಾರು ಮಾಡುವವಳಲ್ಲ.

ಅತ್ತೆ ಎರಡು ವರ್ಷದಿಂದ ಮಲಗುವುದು ಹಾಲ್‌ನಲ್ಲಿ, ಟಿವಿ ಪಕ್ಕ. ಬಟ್ಟೆ ಬದಲಿಸಲು ಬಾತ್‌ರೂಮೇ ಗತಿ.

ಜನವರಿ 12

ಅತ್ತೆಯ ಐಡಿಯಾ. ಗೋಡೆ ಬರುವಲ್ಲಿ ಅಷ್ಟೇ ಎತ್ತರದ ಎರಡು ಕಂಬ ನಿಲ್ಲಿಸಿ ಬೆಡ್‌ಶೀಟ್ ಕಟ್ಟಿಸಿದರು — ನೆರಳು ಎಲ್ಲಿ ಬೀಳುತ್ತೆ ನೋಡಲು. ಮೊಳೆಗೆ ಸಿಕ್ಕಿ ಪರ್ರಂತ ಹರಿಯಿತು. ನನ್ನ ಒಳ್ಳೆಯ ಶೀಟು...

ಮಧ್ಯಾಹ್ನ ಅಕ್ಕ ಬಂದಳು. "ಶೀಟ್ ಒಣಗಿದ್ರೆ ತೆಗೀತೀಯಾ? ನೂಲಿನ ಬಣ್ಣ ಗೊತ್ತಾಗ್ತಿಲ್ಲ."

ಒಗೆದು ಹಾಕಿದ್ದು ಅಂದುಕೊಂಡಿದ್ದಾಳೆ! ರೂಮು ಬರುವುದು ಅವಳಿಗೆ ಗೊತ್ತಿತ್ತು, ಇಷ್ಟೆತ್ತರ ಅಂತ ಗೊತ್ತಿರಲಿಲ್ಲ. ಇದು ಗೋಡೆಯ ಎತ್ತರ ಅಂತ ನಮ್ಮ ಯಜಮಾನರೇ ಹೇಳಿದರು. ಟ್ಯೂಬ್‌ಲೈಟಿನಲ್ಲಿ ಕಂದು, ಕಡುಗೆಂಪು ಎಲ್ಲ ಅವಳಿಗೆ ಒಂದೇ. ನಮ್ಮ ಹಿತ್ತಲ ಕಡೆಗಿರುವ ಆ ಕಿಟಕಿಯ ಬೆಳಕೇ ಅವಳ ಅನ್ನ.

ಹರಿದ ಶೀಟನ್ನು ರಫೂ ಮಾಡಲು ತಾನೇ ಬಿಚ್ಚಿ ಮಡಚಿಕೊಂಡಳು. ಆಮೇಲೆ, "ಇರ್ಲಿ ಬಿಡು. ಅಮ್ಮಂಗೂ ಹಾಕ್ಕೊಳ್ಳೋಕೆ ಒಂದು ಬಾಗಿಲು ಬೇಕಲ್ಲ."

ಎಂಥ ಮನಸ್ಸು. ನಾನಾಗಿದ್ದರೆ ಬೀದಿ ರಂಪ ಮಾಡುತ್ತಿದ್ದೆ.

ಜನವರಿ 13

ಅತ್ತೆ ಇಂಜಿನಿಯರನ್ನು ಕರೆಸಿ, ಅಕ್ಕನ ಕಡೆ ಸೂರು ಇಳಿಸಿ ಅಂದರು. ಆತ ತಲೆ ಕೆರೆದುಕೊಂಡ. ನಿಯಮದಲ್ಲಿ ಅದರ ಅಗತ್ಯವೇ ಇಲ್ಲವಂತೆ. ಪ್ಲಾನ್ ಹೊಸದಾಗಿ ಹೋಗಬೇಕು, ತಿಂಗಳುಗಟ್ಟಲೆ ತಡ, ರೂಮೂ ಆ ಕಡೆ ತಗ್ಗು.

"ಆ ಕಡೆ ಮಂಚ ಹಾಕಿ. ನಾನೇನು ನಿಂತ್ಕೊಂಡು ನಿದ್ದೆ ಮಾಡ್ತೀನಾ?"

ಅಷ್ಟು ದಿನ ಹಾಲ್‌ನಲ್ಲಿ ಮಲಗಬೇಕಾದವರು ಅತ್ತೆಯೇ. ಉಪ್ಪು ಹೆಚ್ಚು, ಖಾರ ಕಮ್ಮಿ ಅಂತ ಅವರ ಜೊತೆ ಎಷ್ಟು ಕಿತ್ತಾಡಿದ್ದೇನೆ. ಇವತ್ತು ಹೆಮ್ಮೆಯಾಯಿತು.

ಮೇ 4

ರೂಮು ಮುಗಿಯಿತು. ಅತ್ತೆ ಬಾಗಿಲು ಹಾಕಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡರು. ಮಂಚದಿಂದ ಏಳುವಾಗ ಸೂರಿಗೆ ತಲೆ ಬಡಿಸಿಕೊಂಡು, ಅಕ್ಕನಿಗೆ ಹೇಳಬೇಡ ಅಂದರು. ಅಕ್ಕನ ಮೇಜಿನ ಮೇಲೆ ಬಿಸಿಲಿದೆ.

ಮೇ 5, ಬೆಳಿಗ್ಗೆ

ಅಕ್ಕ ಆ ಬೆಡ್‌ಶೀಟ್ ತಂದುಕೊಟ್ಟಳು. ಅತ್ತೆಯ ಹೊಸ ಮಂಚಕ್ಕಂತೆ. ಹಾಸುವ ಮೊದಲು ಹರಿದ ಜಾಗ ನೋಡೋಣ ಅಂತ ಕಿಟಕಿಗೆ ಹಿಡಿದೆ. ಈ ಮೂಲೆ... ಅಲ್ಲ. ಅತ್ತೆಯನ್ನೂ ಕರೆದೆ, ಅವರಿಗೂ ಕಾಣಲಿಲ್ಲ. ಮೊಳೆ ಇದ್ದದ್ದು ಎಡಗಡೆ, ಅಂದರೆ ಇಲ್ಲೇ ಎಲ್ಲೋ —