ತೋಳಿನ ತೂಕ ನೋಡಿ ಬಂದೆ

ಮಂಗಳವಾರ, ಅಂಗಡಿಯ ಊಟದ ಬಿಡುವು

ನನ್ನ ಚಿನಕುರಳಿಗೆ,

ಕುಶಲ ಗಿಶಲ ಆಮೇಲೆ, ಮೊದಲು ಸುದ್ದಿ: ನೋವೆಂದು ನಿಂತುಹೋದ ನಿನ್ನ ಬಲಗೈ ಮತ್ತೆ ಪಿಯಾನೊ ನುಡಿಸುತ್ತದೆ! ತಡಿ, ತಡಿ. ನುಡಿಸಬಹುದು. “ಹೋಗಿ ನೋಡ್ಕೊಂಡು ಬಾ ಅಮ್ಮ, ಆದ್ರೆ ನನ್ನ ಪರವಾಗಿ ನೀನೇ ತೀರ್ಮಾನ ಮಾಡ್ಬೇಡ” ಅಂದಿದ್ದೆಯಲ್ಲ, ಮರೆತಿಲ್ಲ. ಇದು ಬರೀ ವರದಿ.

ನೀನು ನೋಡಿ ಬಾ ಎಂದ ಆ ಪಿಯಾನೊ ಟೀಚರಮ್ಮ ಪಾಠ ಹೇಳುವುದು ಬೀಗದಂಗಡಿಯ ಮಹಡಿಯಲ್ಲಿ. ಪದ್ಧತಿಗೆ ಅವರಿಟ್ಟ ಹೆಸರು ‘ತೋಳಿನ ತೂಕ’. ಬೆರಳಿನಿಂದ ಕುಟ್ಟುವುದಿಲ್ಲ, ಭುಜದಿಂದ ಕೆಳಗೆ ಇಡೀ ತೋಳನ್ನು ಸಡಿಲ ಬಿಟ್ಟು, ಅದರ ಭಾರವೇ ಕೀಗಳನ್ನು ಒತ್ತುವಂತೆ ಮಾಡುವುದು. ಕೇಳಲು ಚೆನ್ನಾಗಿತ್ತು. ಆದರೆ ಎರವಲು ಹೊಲಿಗೆ ಮಷಿನ್ ಒಂದರಿಂದ ಆರು ಮಷಿನ್ ತನಕ ಬಂದವಳು ನಾನು. ಕೋಟು ಹೇಗಿದೆ ಎಂದು ಹೊಲಿದವನನ್ನು ಕೇಳುವುದಿಲ್ಲ, ತೊಟ್ಟವನ ಬೆನ್ನು ನೋಡುತ್ತೇನೆ. ಮೂರು ಸಂಜೆ ಅವರ ಬಾಗಿಲ ಹೊರಗಿನ ಬೆಂಚಿನಲ್ಲಿ ಗುಂಡಿಯ ಕಾಜಾ ಹೊಲಿಯುತ್ತಾ ಕೂತೆ. ಹನ್ನೊಂದು ಜನ ಪಾಠ ಮುಗಿಸಿ ಬಂದರು. ಒಬ್ಬರಾದರೂ ಮಣಿಕಟ್ಟು ಉಜ್ಜಿಕೊಳ್ಳಬೇಕಲ್ಲ, ಕೈ ಕೊಡವಬೇಕಲ್ಲ? ಊಹೂಂ!

ಸಿಳ್ಳೆ ಹಾಕುತ್ತಾ ಇಳಿಯುತ್ತಿದ್ದ ಒಬ್ಬ ಅಂಚೆಯವನನ್ನು ತಡೆದು, ಏನೇನು ನುಡಿಸ್ತೀರಿ ಎಂದು ಕೇಳಿದೆ. “ಇನ್ನೂ ಏನೂ ಇಲ್ಲ ಅಕ್ಕ. ಎರಡು ತಿಂಗಳಿಂದ ಕೈ ಸಡಿಲ ಬಿಡೋದನ್ನೇ ಕಲೀತಾ ಇದ್ದೀನಿ!” ಅಂದ, ಬಹುಮಾನ ಹೊಡೆದವನ ಹಾಗೆ. ನನ್ನ ಉತ್ಸಾಹ ಟುಸ್ಸೆಂದಿತು. ವಿಚಾರಿಸಿದರೆ ನಿಜವೇ. ಮೊದಲ ಮೂರು ತಿಂಗಳು ಒಂದು ರಾಗವೂ ಇಲ್ಲ. ಮೊದಲೇ ಕಲಿತದ್ದನ್ನೂ ಮುಟ್ಟುವ ಹಾಗಿಲ್ಲ. ನಿನಗೆ ಇದೇ ಕಷ್ಟವಾಗುವುದು, ಬರೆದಿಟ್ಟುಕೋ.

ನಾಲ್ಕನೆಯ ದಿನ ಒಳಗೆ ಹೋಗಿ ನೇರವಾಗಿ ಕೇಳಿದೆ, ಇದು ಯಾರಿಗೆ ಆಗಿಬರಲಿಲ್ಲ ಎಂದು. ಮುಖ ಗಂಟು ಹಾಕುತ್ತಾರೆಂದುಕೊಂಡಿದ್ದೆ. “ಇಬ್ಬರಿಗೆ” ಅಂದರು ಥಟ್ಟನೆ. ಒಬ್ಬನಿಗೆ ತಾಳ್ಮೆಯಿರಲಿಲ್ಲವಂತೆ. ಇನ್ನೊಬ್ಬಳಿಗೆ ನರದ ತೊಂದರೆ. “ಅವಳನ್ನ ಡಾಕ್ಟರ ಹತ್ರ ತಡವಾಗಿ ಕಳಿಸಿದೆ, ತಪ್ಪು ನಂದೇ. ನಿಮ್ಮ ಮಗಳು ಮೊದಲು ಅಲ್ಲಿಗೆ ಹೋಗಿ ಬರ್ಲಿ.” ತನ್ನ ಬಟ್ಟೆಯ ಹರಕನ್ನು ತಾನೇ ಬಿಡಿಸಿ ತೋರಿಸುವ ವ್ಯಾಪಾರಿಯನ್ನು ಮೂವತ್ತು ವರ್ಷದಲ್ಲಿ ಮೊದಲ ಸಲ ಕಂಡೆ ಕಣೇ!

ಆಮೇಲೆ ನನ್ನನ್ನೇ ಪಿಯಾನೊ ಮುಂದೆ ಕೂರಿಸಿದರು. ಇದು ಕತ್ತರಿ ಹಿಡಿಯೋ ಕೈ ಎಂದರೂ ಬಿಡಲಿಲ್ಲ. ನನ್ನ ತೋಳನ್ನು ಕೆಳಗಿನಿಂದ ಎತ್ತಿ ಹಿಡಿದು, ಪೂರ್ತಿ ಬಿಡಿ ಅಂದರು. ಬಿಟ್ಟಿದ್ದೀನಿ ಅಂದೆ. ಮೆಲ್ಲಗೆ ತಮ್ಮ ಕೈ ತೆಗೆದರು. ನನ್ನ ತೋಳು ಗಾಳಿಯಲ್ಲೇ ನಿಂತಿತ್ತು! “ಬಿಟ್ಟಿದ್ರೆ ಬೀಳ್ಬೇಕಿತ್ತಲ್ಲಮ್ಮ” ಎಂದು ನಕ್ಕರು. ಬೆವರಿಳಿಯಿತು. ಇಪ್ಪತ್ತನೆಯ ಸಲವೋ ಏನೋ, ತೋಳು ಧೊಪ್ಪನೆ ಬಿತ್ತು. ಅಬ್ಬಾ, ಆ ದನಿ! ನೆಲದಿಂದಲೇ ಎದ್ದು ಬಂದಂತೆ, ಎದೆ ಝುಂ ಎಂದಿತು. ನೋವು ಎಳ್ಳಷ್ಟೂ ಇಲ್ಲ.

ಇನ್ನೊಂದು ವಿಷಯ ಬಿಟ್ಟುಬಿಡೋಣ ಎಂದಿದ್ದೆ. ನಿಮ್ಮ ಮಗಳು ಮೊದಲು ಹೇಗೆ ಕಲಿತಳು ಎಂದು ಅವರು ಕೇಳಿದರು. ಅಂಗೈಯ ಹಿಂಬದಿಯ ಮೇಲೆ ಏನಾದರೂ ಇಟ್ಟು, ಅದು ಬೀಳದಂತೆ ಬೆರಳು ಮಾತ್ರ ಆಡಿಸುವ ಹಳೇ ಅಭ್ಯಾಸದಿಂದ ಎಂದೆ. ಆ ಬಿಗಿಯೇ ತೋಳಿನಲ್ಲಿ ಕೂತಿದೆ, ಬಿಡಿಸಬೇಕಾದದ್ದೂ ಅದನ್ನೇ ಎಂದರು. ನಾನು ತಪ್ಪನ್ನೆಲ್ಲ ನಿನ್ನ ಹಳೇ ಮೇಷ್ಟ್ರ ತಲೆಗೆ ಕಟ್ಟಿ ಎದ್ದು ಬಂದೆ. ಮೇಷ್ಟ್ರು ಹೇಳಿದ್ದು ದಿನಕ್ಕೆ ಐದು ನಿಮಿಷ. ಕೈಮೇಲೆ ಕೋಟಿನ ಗುಂಡಿ ಇಟ್ಟು ನಿನ್ನನ್ನು ಗಂಟೆಗಟ್ಟಲೆ ಕೂರಿಸಿದವಳು ನಾನು. ನೋಯ್ತಿದೆ ಅಂದಾಗ, ಸೋಗು ಹಾಕ್ಬೇಡ ಅಂದವಳೂ ನಾನೇ. ನಿನಗೆ ಇದು ಗೊತ್ತು. ನನಗೂ ಗೊತ್ತು ಎಂದು ನಿನಗೆ ಗೊತ್ತಿರಲಿ ಎಂದು ಬರೆದೆ. ಕ್ಷಮಿಸು.

ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂರುತ್ತೇನೆ. ಮುಂದಿನ ಗುರುವಾರದವರೆಗೆ ಒಂದು ಜಾಗ ಖಾಲಿಯಿದೆ, ಅಷ್ಟೇ.

ನಿನ್ನ ದಾರಿಗೆ ಅಡ್ಡ ನಿಲ್ಲದಿರಲು ಹೆಣಗಾಡುತ್ತಿರುವ,
ಅಮ್ಮ

ಮರೆತದ್ದು (ಮರೆತಿರಲಿಲ್ಲ): ಪಾಠಕ್ಕೆ ಸೇರುವ ಅರ್ಜಿಯ ಹೊಸ ಹಾಳೆಯೊಂದನ್ನು ಇದರ ಜೊತೆ ಖಾಲಿಯಾಗಿಯೇ ಇಟ್ಟಿದ್ದೇನೆ. ಮೊದಲ ದಿನವೇ ನಿನ್ನ ಹೆಸರಲ್ಲಿ ಒಂದನ್ನು ತುಂಬಿ, ನಿನ್ನ ಸಹಿಯನ್ನೂ ನಾನೇ ಹಾಕಿ ಕೊಟ್ಟು ಬಂದಿದ್ದೆ. ಇವತ್ತು ಬೆಳಿಗ್ಗೆ ಹೋಗಿ ವಾಪಸ್ ಇಸಿದುಕೊಂಡೆ. ಯಾಕೆ, ಮಗಳು ಬರಲ್ವಾ ಎಂದು ಟೀಚರಮ್ಮ ಕೇಳಿದರು. “ಗೊತ್ತಿಲ್ಲ, ಅವಳನ್ನ ಕೇಳ್ಬೇಕು” ಅಂದೆ. ಈ ಮಾತನ್ನು ಇಷ್ಟು ವರ್ಷದಲ್ಲಿ ಎಂದೂ ಆಡಿರಲಿಲ್ಲ ಕಣೇ. ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ತೊದಲಿದೆ.