ಹನಮವ್ವನ ಹೆರಿಗೆಯಲ್ಲಿ ನಾನು ಸುಮ್ಮನಿದ್ದದ್ದು

ಯರಗುಪ್ಪಿ
೧೮ ಜನವರಿ ೧೯೭೬

ಚಿ. ಸೌ. ನೀಲಾಗೆ ನಿನ್ನ ಅವ್ವ ಮಹಾದೇವಕ್ಕನ ಆಶೀರ್ವಾದ. ನಾನು ಆರಾಮ ಇದ್ದೇನೆ, ನೀನೂ ಹಾಗೇ ಇರು.

ಮೊದಲು ಖರ್ಚು ಹೇಳಿಬಿಡುತ್ತೇನೆ. ಕುರಿ ಮಾಳಪ್ಪನ ಮಗಳು ಹನಮವ್ವನ ಹೆರಿಗೆಗೆ ಹೋದದ್ದು ಎರಡು ಹಂಡೆ ಬಿಸಿನೀರು, ಒಂದು ಹೊಸ ಬ್ಲೇಡು, ಅವಳ ಅವ್ವ ಬಸಕ್ಕನ ಎರಡು ಹಳೆಯ ಸೀರೆ, ನನ್ನ ಒಂದು ದಿನದ ಬಳೆ ವ್ಯಾಪಾರ. ಇವುಗಳ ಜೊತೆಗೆ, ಮುಂಜಾನೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ನಾನು ಬಾಯಿ ಮುಚ್ಚಿಕೊಂಡು ಕೂತದ್ದು. ಎಲ್ಲಕ್ಕಿಂತ ತುಟ್ಟಿ ಬಿದ್ದದ್ದು ಅದೇ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು, ತಡವಾದದ್ದಕ್ಕೆ ಸಿಟ್ಟಾಗಬೇಡ. 'ಈ ಸಲದ ಬಾಣಂತನಕ್ಕೆ ಅಲ್ಲಿಗೆ ಬರುವುದಿಲ್ಲ, ನವಲಗುಂದದಲ್ಲೇ ಇರುತ್ತೇನೆ' ಎಂದು ಒಂದೇ ಸಾಲು ಬರೆದಿದ್ದೀ. ಮೊದಲ ಬಾಣಂತನಕ್ಕೆ ಬಂದು ಬರಿಗೈಯಲ್ಲಿ ಹೋದವಳು ನೀನು. ಉತ್ತರ ಬರೆಯಲು ಮೂರು ಸಲ ಕೂತೆ. ಮಾತಿನ ಮೇಲೆ ಬದುಕಿದವಳಿಗೆ ಮಾತೇ ಸಿಗಲಿಲ್ಲ. ಹೋದ ಸೋಮವಾರ ಆದದ್ದನ್ನು ನೋಡಿದ ಮೇಲೆ ಸಿಕ್ಕಿದೆ.

ನಿನಗೆ ಗೊತ್ತೇ ಇದೆ, ಬಳೆ ಇಡಿಸಿಕೊಂಡ ಮನೆಯವರೇ ನನ್ನನ್ನು ಹೆರಿಗೆಗೂ ಕರೆಯುತ್ತಾರೆ. ಸೂಲಗಿತ್ತಿ ಕಾಲ ಬಳಿ, ನಾನು ತಲೆಯ ಬಳಿ. ನನ್ನ ಕೆಲಸ ಕೂಗುವುದು. ಮಹಾದೇವಕ್ಕ ಕೂಗಿದರೆ ಎಂಥವಳಿಗೂ ಕಸುವು ಬರುತ್ತದೆ ಎಂದು ಸುತ್ತಲ ನಾಲ್ಕು ಊರಲ್ಲಿ ಮಾತಿದೆ. ಹನಮವ್ವನಿಗೆ ಮೊದಲ ಬ್ಯಾನೆ ಬರುತ್ತಲೇ ಶುರು ಮಾಡಿದೆ.

"ತಿಣಕ ಬೇ ಹನಮಿ! ಉಸುರ ಬಿಡಬ್ಯಾಡ, ತಿಣಕು!"

ಅಷ್ಟರಲ್ಲಿ ಕುಂದಗೋಳದಿಂದ ಹೊಸ ನರ್ಸಬಾಯಿ ಬಂದಳು. ಜರೀನಾಬಿ ಎಂದು ಹೆಸರು, ನಿನಗಿಂತ ಎರಡು ವರ್ಷ ಸಣ್ಣವಳಿರಬೇಕು. ಕೈ ತೊಳೆದು ಹುಡುಗಿಯನ್ನು ಪರೀಕ್ಷೆ ಮಾಡಿ ಕೇಳಿದಳು.

"ಯಾರ್ರಿ ತಿಣಕು ಅಂದಾವ್ರು?"

"ನಾನರಿ. ಯಾಕ?"

"ಗರ್ಭದ ಬಾಗಲಾ ಅರ್ಧಾನೂ ತೆರದಿಲ್ಲ, ಅಕ್ಕಾರ. ಈಗ ತಿಣಕಿದ್ರ ತಾಯಿ ಕಸುವು ಮುಗಿತೈತಿ, ಕೂಸು ಇದ್ದಲ್ಲೇ ಇರತೈತಿ. ನಾ ಹೇಳೂತನಕ ನಿಮ್ಮ ಬಾಯಿಗೆ ಸೂಟಿ ಕೊಡ್ರಿ."

ಬಸಕ್ಕ ಅಂಥ ಹೊತ್ತಿನಲ್ಲೂ ನಕ್ಕಳು. "ಮಹಾದೇವಕ್ಕನ ಬಾಯಿಗೆ ಸೂಟಿ? ಆಕಿ ಗಂಡನ ಕೈಲೇ ಆಗಿರಲಿಲ್ಲರಿ ಅದು!"

ನರ್ಸಬಾಯಿ ಹುಡುಗಿಯನ್ನು ಅಂಗಳದಲ್ಲಿ ಅಡ್ಡಾಡಿಸಿದಳು, ಗಂಜಿ ಕುಡಿಸಿದಳು, ಬ್ಯಾನೆ ಇಳಿದಾಗ ಬಸಕ್ಕನ ಹೆಗಲಿಗೆ ಒರಗಿಸಿ ತೂಕಡಿಸಲು ಬಿಟ್ಟಳು. ನಾನು ಕೂತೇ ಇದ್ದೆ. ಹೊರಗಿನಿಂದ ಮಾಳಪ್ಪ, "ಒಳಗ ಯಾರೂ ಒದರವಲ್ರಿ, ಎಲ್ಲಾರೂ ಊಟಕ್ಕ ಕುಂತೀರೇನು?" ಎಂದ.

ಎರಡೂವರೆಗೆ ಜರೀನಾಬಿ, "ಈಗ ತಿಣಕವಾ" ಎಂದಳು. ಹನಮವ್ವ ಹೆದರಿಬಿಟ್ಟಳು. ಬ್ಯಾನೆ ಬಂದಾಗ ತೊಡೆ ಬಿಗಿದು ಗಂಟಲಿನಿಂದ ಚೀರಿದಳು. ಕಸುವೆಲ್ಲ ಮೇಲೆಯೇ ಹೋಗುತ್ತಿತ್ತು. ನರ್ಸಬಾಯಿ ಹೇಳಿದ್ದು ಅವಳ ಕಿವಿಗೆ ಹೋಗಲೊಲ್ಲದು.

"ಈಗ ಮಾತಾಡ್ರಿ, ಅಕ್ಕಾರ. ಆದ್ರ ಒದರಬ್ಯಾಡ್ರಿ" ಎಂದಳು ನನಗೆ.

ಹುಡುಗಿಯ ಕೈ ಹಿಡಿದೆ. ಸೀಮಂತದ ಕುಬಸದ ದಿನ ನಾನೇ ಇಡಿಸಿದ ಹಸಿರು ಬಳೆ ಇದ್ದವು.

"ಹನಮಿ, ಇವನ್ನ ಇಡಸೂವಾಗ ಏನಂದಿದ್ದೆ?"

"ಕೈ ಸಡಿಲ ಬಿಡು ಅಂದಿದ್ದಿ."

"ಬಿಗಿ ಮಾಡಿದ್ರ?"

"ಒಡಿತಾವು."

"ಹಂಗ ಇದೂ. ತೊಡಿ ಸಡಿಲ ಬಿಡು, ಗದ್ದ ಎದಿಗೆ ಹಚ್ಚು. ಬ್ಯಾನಿ ಬಂದಾಗ ಬಾಯಿ ಮುಚ್ಚಿ ಕೆಳಗ ನೂಕು. ಹೋತಂದ್ರ ಒಗದ ಸೀರಿ ಹಂಗ ಬಿದ್ದಬಿಡು."

ಇಪ್ಪತ್ತು ವರ್ಷದಿಂದ ಸಾವಿರಾರು ಕೈಗಳಿಗೆ ಈ ಮಾತು ಹೇಳಿದವಳು ನಾನು. ಕೈ ಸಡಿಲಾದಾಗ ಒತ್ತಬೇಕು, ಬಿಗಿದಾಗ ಕಾಯಬೇಕು. ಬಳೆಯ ವಿಷಯದಲ್ಲಿ ಇದು ನನಗೆ ತಿಳಿದಿತ್ತು, ಬಸುರಿಯ ವಿಷಯದಲ್ಲಿ ತಿಳಿದಿರಲಿಲ್ಲ. ಹತ್ತು ಬ್ಯಾನೆಯೊಳಗೆ ಕೂಸು ಬಂತು, ಬಂದದ್ದೇ ಅತ್ತಿತು.

ನಿನ್ನ ಒಡಲು ತಣ್ಣಗಿರಲಿ, ನನ್ನವ್ವಾ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ ಅವ್ವ,
ಮಹಾದೇವಕ್ಕ

ತಾ. ಕ.: ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮೂರು ವರ್ಷದ ಹಿಂದೆ ನಿನ್ನ ತಲೆಯ ಬಳಿ ಕೂತು, ಮೊದಲ ಬ್ಯಾನೆಯಿಂದಲೇ ಒಂದು ಹಗಲು ಪೂರ್ತಿ ತಿಣುಕಿಸಿದವಳು ನಾನು. ನಿಜವಾದ ಹೊತ್ತು ಬಂದಾಗ ನೀನು "ಅವ್ವಾ, ಇನ್ನ ಆಗಂಗಿಲ್ಲ" ಎಂದೆ. ಕೂಸು ಅಳಲಿಲ್ಲ. ಮರುದಿನ ನಿಮ್ಮತ್ತೆ ಗುರವ್ವ ಬಂದಾಗ, "ನಿಮ್ಮ ಸೊಸಿಗೆ ಕಸುವಿಲ್ಲರಿ, ತಿಣಕಲಿಲ್ಲ" ಎಂದು ಹೇಳಿದವಳೂ ನಾನೇ. ಆಕೆ ಇವತ್ತಿಗೂ ಅದನ್ನೇ ಆಡುತ್ತಾಳೆ. ಮಾತು ಆಕೆಯದಲ್ಲ, ನನ್ನದು.

ನಿನ್ನ ಕೂಸು ಹೋದದ್ದು ನಾನು ಹಾಗೆ ತಿಣುಕಿಸಿದ್ದರಿಂದಲೇನು ಎಂದು ಜರೀನಾಬಿಯನ್ನು ಕೇಳಿದೆ. "ಈಗ ಹೇಳಾಕ ಬರಂಗಿಲ್ಲ, ಅಕ್ಕಾರ" ಎಂದಳು. ಆದರೆ ನನ್ನ ಮುಖ ನೋಡಲಿಲ್ಲ.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ತಪ್ಪು ನನ್ನದೆಂದು ನಿಮ್ಮತ್ತೆಗೆ, ನಿಮ್ಮ ಓಣಿಯವರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಬಾಣಂತನ ನೀನು ಬೇಕೆಂದಲ್ಲಿ ಆಗಲಿ. ಅಲ್ಲಿಯ ನರ್ಸಬಾಯಿಯನ್ನು ಮಾತ್ರ ಬಿಡಬೇಡ. ನನ್ನನ್ನು ಒಳಗೆ ಕರೆದರೆ ಬರುತ್ತೇನೆ, ಬೇಡವೆಂದರೆ ಕಟ್ಟೆಯ ಮೇಲೆ ಕೂರುತ್ತೇನೆ.

ಸೋಮವಾರ ಹನಮವ್ವನಿಗೆ ಮಗಳು ಸಿಕ್ಕಳು, ಬಸಕ್ಕನಿಗೆ ಮೊಮ್ಮಗಳು, ಜರೀನಾಬಿಗೆ ಊರಲ್ಲಿ ಹೆಸರು. ಮೂರು ವರ್ಷದ ಹಿಂದೆ ನಿನಗೆ ಕೂಸೂ ಸಿಗಲಿಲ್ಲ, ಹೆಸರೂ ಉಳಿಯಲಿಲ್ಲ. ಉಳಿದದ್ದು ನನ್ನ ಹೆಸರು.