ಶುಭಂ ಆದ ಮೇಲಿನ ಟೇಪು

ಗದಗ, ಫೆಬ್ರವರಿ 30, 2187

2020ರ ದಶಕದ ಓದುಗರಿಗೆ ನಮಸ್ಕಾರ.

ತಾರೀಖು ತಪ್ಪಾಗಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕವು ಯಾವ ತಿಂಗಳಿಗೂ ಸೇರದ ರಜೆಯ ದಿನಗಳು. ನಿಮ್ಮ ಕನ್ನಡವನ್ನು ಹಳೆಯ ದಿನಪತ್ರಿಕೆಗಳಿಂದ ಕಲಿತಿದ್ದೇನೆ. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ನಾನು ಇಲ್ಲಿಯ ಚಿತ್ರಕಣಜದ ನೌಕರಳು. ಚಿತ್ರಕಣಜವೆಂದರೆ ಹಳೆಯ ಸಿನಿಮಾಗಳನ್ನು ಕಾಪಾಡುವ, ನೆಲದಡಿಯ ಸರ್ಕಾರಿ ಉಗ್ರಾಣ. ನಮ್ಮ ಬಿಸಿಲಿಗೆ ಹಗಲು ಹೊರಗೆ ನಿಲ್ಲಲಾಗದು. ಕಚೇರಿ ನಸುಕಿಗೆ ತೆರೆದು ಬೆಳಗಿನ ತಿಂಡಿಯ ಹೊತ್ತಿಗೆ ಮುಚ್ಚುತ್ತದೆ. ಓಡಾಟವೆಲ್ಲ ನೆರಳೋಣಿಗಳಲ್ಲಿ, ಅಂದರೆ ಚಾವಣಿ ಹಾಕಿದ ಬೀದಿಗಳಲ್ಲಿ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹರಟುವುದನ್ನು ನಮ್ಮ ಮಕ್ಕಳು ಕಂಡಿಲ್ಲ.

ಕುಬಸದ ವಿಡಿಯೊ ಲೈಬ್ರರಿಯ ಇತಿಹಾಸ ಬರೆಯುವುದು ನನಗೆ ವಹಿಸಿದ ಕೆಲಸ. ನೀಲಪ್ಪ ಕುಬಸದ ಮತ್ತು ಅವರ ಅತ್ತಿಗೆ ಗಂಗವ್ವ 1984ರಲ್ಲಿ ಬೆಟಗೇರಿಯಲ್ಲಿ ಮೊದಲ ಅಂಗಡಿ ಇಟ್ಟರು. ಮುಂದೆ ರೋಣ, ಮುಂಡರಗಿ, ಲಕ್ಷ್ಮೇಶ್ವರ, ನರಗುಂದಗಳಲ್ಲೂ ಶಾಖೆಗಳಾದವು. ಕ್ಯಾಸೆಟ್ಟಿನ ಜೊತೆಗೆ ಕಲರ್ ಟಿವಿ, ವಿಸಿಆರ್ ಕೂಡ ಕೈಗಾಡಿಯಲ್ಲಿ ಬಾಡಿಗೆಗೆ ಹೋಗುತ್ತಿದ್ದವು. ಓಣಿಯವರೆಲ್ಲ ಒಂದೇ ಮನೆಯಲ್ಲಿ ಚಾಪೆ ಹಾಸಿ ನೋಡುತ್ತಿದ್ದರು. ಕೇಬಲ್ ಬಂದಾಗ ಎರಡು ಶಾಖೆ ಮುಚ್ಚಿದವು, ಸಿಡಿ ಬಂದಾಗ ಉಳಿದವೂ ಮುಚ್ಚಿದವು.

ಇಷ್ಟು ಎಲ್ಲ ಕಡೆಯೂ ಸಿಗುವ ಸಂಗತಿ. ಸಿಗದಿದ್ದದ್ದು ಇದು: ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಸಿನಿಮಾ ಮುಗಿದ ಮೇಲೂ ಟೇಪು ಉಳಿಯುತ್ತಿತ್ತು. ಆ ಜಾಗವನ್ನು ಗಂಗವ್ವ ಮದುವೆಗೆ ಬಳಸುವ ಕ್ಯಾಮೆರಾದಿಂದ ಓಣಿಯ ಚಿತ್ರ ತೆಗೆದು ತುಂಬಿಸುತ್ತಿದ್ದಳು. ರೋಣದ ಚಿತ್ರ ಮುಂಡರಗಿಯ ಕ್ಯಾಸೆಟ್ಟಿಗೆ, ಮುಂಡರಗಿಯದು ರೋಣಕ್ಕೆ ಹೋಗುತ್ತಿತ್ತೆಂದು ನನ್ನ ಊಹೆ. ಮಗಳನ್ನು ಆ ಊರಿಗೆ ಕೊಟ್ಟವರು ಕೆಟ್ಟ ಸಿನಿಮಾವನ್ನೂ ಬಾಡಿಗೆಗೆ ಒಯ್ಯುತ್ತಿದ್ದರೆಂದು ತೋರುತ್ತದೆ.

ನನಗೆ ಇದು ತಿಳಿದದ್ದು ಆಕಸ್ಮಿಕ. ಮುಂಡರಗಿ ಶಾಖೆಯ ಒಂದು ಕ್ಯಾಸೆಟ್ಟು ಓಡುತ್ತಿದ್ದಾಗ, ಯಂತ್ರ ನಿಲ್ಲಿಸದೆ ಅಂಬಲಿ ಕುಡಿಯಲು ಎದ್ದು ಹೋಗಿದ್ದೆ. ಬಂದು ನೋಡಿದರೆ ಪರದೆಯ ಮೇಲೆ ರೋಣದ ಒಂದು ಓಣಿ. ಕಟ್ಟೆಯ ಮೇಲೆ ಹರೆಯದ ಸೊಸೆಯೊಬ್ಬಳು ಶ್ಯಾವಿಗೆ ಹೊಸೆಯುತ್ತಿದ್ದಳು. ಕ್ಯಾಮೆರಾದ ಹಿಂದಿನಿಂದ ಒಂದು ಹೆಣ್ಣು ದನಿ, ಗಂಗವ್ವನದೇ ಇರಬೇಕು:

“ಹಿಂಗ ತಲಿ ಬಗ್ಗಿಸಿ ಕುಂತ್ರ ಮುಂಡರಗ್ಯಾಗ ನಿಮ್ಮವ್ವ ಏನ್ ನೋಡ್ಬೇಕು? ಮಾತಾಡವಾ.”

“ಅತ್ತಿ ಭಾಳ ಚಲೋ ಅದಾಳ ಅಂತ ಹೇಳ್ರಿ. ಇಲ್ಲೇ ಹಿಂದ ಕುಂತಾಳ, ಮತ್ತೇನ್ ಹೇಳ್ಲಿ?”

ಹಿಂದಿನಿಂದ ಅತ್ತೆ: “ಹೇಳ, ಹೇಳ. ನಂಗೇನ್ ಕಿವಿ ಕೇಳಂಗಿಲ್ಲ.”

ಓಣಿಯೆಲ್ಲ ನಕ್ಕಿತು. ಆಮೇಲೆ ಸೊಸೆ ತಲೆ ಎತ್ತಿ, “ಯವ್ವಾ, ಉಗಾದಿಗೆ ಕರಿಯಾಕ ಯಾರನ್ನರ ಕಳಸ” ಎಂದಳು. ಟೇಪು ಅಲ್ಲಿಗೆ ಮುಗಿಯಿತು.

ನಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ಕಣಜದವರು ತಲೆಮಾರುಗಳಿಂದ ಶುಭಂ ಬಂದ ಕೂಡಲೇ ಯಂತ್ರ ನಿಲ್ಲಿಸಿ, ಸಿನಿಮಾದ ಪ್ರತಿ ಮಾಡಿಕೊಂಡು ಕ್ಯಾಸೆಟ್ಟನ್ನು ಕರಗಿಸಿದ್ದಾರೆ. ನಿಯಮವೇ ಹಾಗಿದೆ. ಕುಬಸದರ ಕ್ಯಾಸೆಟ್ಟುಗಳು ಈಗ ಒಂದು ಕಪಾಟಿನಷ್ಟಿವೆ. ಅವನ್ನೂ ಕರಗಿಸಬೇಕೇ ಎಂದು ತೀರ್ಮಾನಿಸಲು ಬರುವ ತಿಂಗಳು ಸಭೆ ಇದೆ. ಓಣಿಯ ಚಿತ್ರ ಈವರೆಗೆ ಸಿಕ್ಕಿರುವುದು ಈ ಒಂದರಲ್ಲಿ ಮಾತ್ರ. ಉಳಿದವುಗಳ ಟೇಪು ಅಂಟಿಕೊಂಡಿದೆ, ಬಿಡಿಸಲು ವರ್ಷಗಳು ಬೇಕು. ಒಂದರಿಂದ ಏನೂ ಸಿದ್ಧವಾಗದು, ಯಾರೋ ಆಟಕ್ಕೆ ತೆಗೆದಿರಬಹುದು ಎಂಬುದು ಕಣಜದ ಅಧ್ಯಕ್ಷರ ವಾದ. ವಾದದಲ್ಲಿ ತಪ್ಪಿಲ್ಲ. ಇನ್ನೊಂದು ಶಾಖೆಯ ಕ್ಯಾಸೆಟ್ಟಿನಲ್ಲೂ ಓಣಿಯ ಚಿತ್ರ ಸಿಕ್ಕರೆ ಒಪ್ಪುತ್ತೇನೆಂದು ಅವರೇ ಹೇಳಿದ್ದಾರೆ. ಅಲ್ಲಿಯವರೆಗೆ ಕರಗಿಸುವ ಆದೇಶಕ್ಕೆ ನಾನು ಸಹಿ ಹಾಕುವುದಿಲ್ಲ. ಬೇರೆ ಕೆಲಸಕ್ಕೆ ಹಾಕುತ್ತೇವೆ ಎಂದಿದ್ದಾರೆ, ಹಾಕಲಿ.

ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸಲು ನಮಗೆ ಬರುತ್ತದೆ. ವಸ್ತುವನ್ನು ತರಿಸಿಕೊಳ್ಳಲು ಬರುವುದಿಲ್ಲ. ಅದು ವರ್ಷದ ಮೇಲೆ ವರ್ಷ ಕಳೆದು, ನಿಮ್ಮ ಮನೆಗಳ ಮೂಲಕವೇ ಬರಬೇಕು. ಆದ್ದರಿಂದ ಕೇಳುತ್ತೇನೆ. ಅಟ್ಟದ ಮೇಲಿನ, ಮಂಚದ ಕೆಳಗಿನ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬೇಡಿ. ಯಾರಿಗಾದರೂ ಕೊಟ್ಟು ಪ್ರತಿ ಮಾಡಿಸುವುದಾದರೆ ಶುಭಂ ಬಂದಾಗ ನಿಲ್ಲಿಸಬೇಡಿರೆಂದು ಹೇಳಿ, ಕೊನೆಯವರೆಗೆ ಓಡಿಸಿ. ತೇವವಿಲ್ಲದ ಜಾಗದಲ್ಲಿಡಿ. ಮಕ್ಕಳಿಗೆ ಹೇಳಿಡಿ.

ಸಭೆಗೆ ಮೊದಲು ರೋಣದ ಶಾಖೆಯ ಒಂದು ಕ್ಯಾಸೆಟ್ಟು ಕಣಜದ ಬಾಗಿಲಿಗೆ ಬಂದರೆ, ಇದನ್ನು ಓದಿದವರು ಯಾರೋ ಎತ್ತಿಟ್ಟಿದ್ದರೆಂದು ತಿಳಿಯುತ್ತೇನೆ. ಯಂತ್ರವನ್ನು ಒರೆಸಿ ಸಿದ್ಧ ಇಟ್ಟಿದ್ದೇನೆ.

ನಿಮ್ಮ
ಕಸ್ತೂರೆವ್ವ ಬಾರಕೇರ